ನೀಲಿ ನರಿಯ ಕಥೆಯನ್ನು ಚಿತ್ರಪುಸ್ತಕ ಮಾಡುವ ಬಗೆ

ಹಸಿದು ಊರಿಗೆ ನುಗ್ಗಿದ ನರಿಯೊಂದು ನಾಯಿಗಳಿಂದ ತಪ್ಪಿಸಿಕೊಳ್ಳಲು ಬಣ್ಣಗಾರನ ಮನೆ ಹೊಕ್ಕು, ನೀಲಿ ಬಣ್ಣ ತುಂಬಿದ ಬಾನಿಯೊಳಗೆ ಬಿದ್ದು, ಮೈಯೆಲ್ಲ ನೀಲಿಯಾಗಿ ಕಾಡಿಗೆ ಮರಳಿ, ಅಲ್ಲಿ ರಾಜನಾಗಿ ಮೆರೆದು, ಕೊನೆಗೆ ತನ್ನ ಕೂಗಿನಿಂದಲೇ ಸಿಕ್ಕಿಬಿದ್ದ ಕಥೆ ಕನ್ನಡದ ಮಕ್ಕಳಿಗೆ ಹೊಸದಲ್ಲ. ಎಲ್ಲರಿಗೂ ಗೊತ್ತಿರುವ ಈ ಕಥೆಯನ್ನು ಮತ್ತೊಮ್ಮೆ ಚಿತ್ರಪುಸ್ತಕವಾಗಿ ಮಾಡಲು ಹೊರಡುವ ಶಿಕ್ಷಕರು, ಚಿತ್ರಕಲೆಯ ವಿದ್ಯಾರ್ಥಿಗಳು, ಮಕ್ಕಳಿಗೆ ತಾವೇ ಒಂದು ಪುಸ್ತಕ ಮಾಡಿಕೊಡಬೇಕೆಂದಿರುವ ತಂದೆತಾಯಂದಿರು ಎಲ್ಲಿಂದ ಆರಂಭಿಸಬೇಕು, ಎಲ್ಲಿ ಎಡವುವ ಸಾಧ್ಯತೆಯಿದೆ, ಅಚ್ಚಿನ ಮನೆಯವರೆಗೆ ಏನೇನನ್ನು ಗಮನಿಸಬೇಕು ಎಂಬುದನ್ನು ಕೆಲಸ ನಡೆಯುವ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ. ಅಧಿಕಾರದ ಹಂಬಲವನ್ನು ಕುರಿತ ಪ್ರಾಣಿಕಥೆಗಳು ಬೇರೆಯೂ ಇವೆ. ರಾಜ ಬೇಕೆಂದು ದೇವರನ್ನು ಕಾಡಿ ಕೊನೆಗೆ ನೀರುಹಾವಿನ ಬಾಯಿಗೆ ಬಿದ್ದ ಕಪ್ಪೆಗಳ ಗ್ರೀಕ್ ಕಥೆ ಅವುಗಳಲ್ಲಿ ಹೆಸರಾದದ್ದು. ಆದರೆ ಚಿತ್ರಕ್ಕೆ ನೀಲಿ ನರಿಯಷ್ಟು ಒದಗುವ ಕಥೆ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಅಧಿಕಾರವೆಂಬುದೇ ಒಂದು ಬಣ್ಣ.

ಮೊದಲು ಮೂಲವನ್ನು ಓದಿಕೊಳ್ಳಿ

ಚಿಕ್ಕಂದಿನಲ್ಲಿ ಕೇಳಿದ ನೆನಪಿನಿಂದಲೇ ಕಥೆ ಬರೆಯಲು ಕುಳಿತರೆ ಮೂಲದ ಅರ್ಧ ರುಚಿ ಕೈತಪ್ಪುತ್ತದೆ. ಈ ಕಥೆ ಸಂಸ್ಕೃತದಲ್ಲಿ ಎರಡು ಕಡೆ ಸಿಗುತ್ತದೆ: ಪಂಚತಂತ್ರದ ಮೊದಲ ಭಾಗವಾದ ಮಿತ್ರಭೇದದಲ್ಲಿ ಒಂದು ರೂಪ, ನಾರಾಯಣ ಪಂಡಿತನ ಹಿತೋಪದೇಶದ ವಿಗ್ರಹ ಭಾಗದಲ್ಲಿ ಇನ್ನೊಂದು ರೂಪ. ಎರಡಕ್ಕೂ ಕನ್ನಡ ಅನುವಾದಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ಕನ್ನಡದಲ್ಲಿ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಚಂಪುವಾಗಿ ಬರೆದನಾದರೂ ಅವನು ಅನುಸರಿಸಿದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗನ ಪಾಠವನ್ನು. ಆದ್ದರಿಂದ ಪಂಚತಂತ್ರವೆಂಬ ಹೆಸರಿನ ಯಾವುದೋ ಒಂದು ಪುಸ್ತಕವನ್ನು ನೋಡಿ ಮೂಲ ಹೀಗೆಯೇ ಇದೆ ಎಂದು ನಿಶ್ಚಯಿಸುವಂತಿಲ್ಲ.

ಎರಡು ರೂಪಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದುವಾಗ ಚಿತ್ರಕಾರನ ಕಣ್ಣಿನಿಂದ ಓದಿ. ಹಿತೋಪದೇಶದ ನರಿ ಬಾನಿಯಿಂದ ಮೇಲೇಳಲಾರದೆ ಬೆಳಗಾಗುವವರೆಗೂ ಸತ್ತಂತೆ ಬಿದ್ದಿರುತ್ತದೆ. ಬಾನಿಯ ಒಡೆಯ ಅದು ಸತ್ತಿದೆಯೆಂದೇ ತಿಳಿದು ದೂರ ಒಯ್ದು ಬಿಸಾಡುತ್ತಾನೆ. ಪಂಚತಂತ್ರದಲ್ಲಿ ನರಿಯ ಹೆಸರು ಚಂಡರವ, ಎಂದರೆ ಭಯಂಕರವಾಗಿ ಕೂಗುವವನು. ಕಥೆಯ ಕೊನೆಯನ್ನು ಕಥೆಗಾರ ಹೆಸರಿನಲ್ಲಿಯೇ ಅಡಗಿಸಿಟ್ಟಿದ್ದಾನೆ. ಕಾಡಿಗೆ ಬಂದ ನೀಲಿ ಪ್ರಾಣಿಯನ್ನು ಕಂಡು ಸಿಂಹ, ಹುಲಿಗಳೇ ಓಡಲಾರಂಭಿಸಿದಾಗ ಅದು ಅವುಗಳನ್ನು ಕರೆದು, ಬ್ರಹ್ಮನೇ ತನ್ನನ್ನು ಸೃಷ್ಟಿಸಿ ಪ್ರಾಣಿಗಳಿಗೆ ರಾಜನಾಗಿ ಅಭಿಷೇಕ ಮಾಡಿ ಕಳುಹಿಸಿದ್ದಾನೆಂದೂ ತನ್ನ ಹೆಸರು ಕಕುದ್ದ್ರುಮನೆಂದೂ ಹೇಳಿಕೊಳ್ಳುತ್ತದೆ. ಹಿತೋಪದೇಶದಲ್ಲಿ ಈ ಅಭಿಷೇಕ ಮಾಡಿದವಳು ವನದೇವತೆ, ಅದೂ ಗಿಡಮೂಲಿಕೆಗಳ ರಸದಿಂದ. ಮೈಮೇಲಿನ ಬಣ್ಣಕ್ಕೆ ಇದಕ್ಕಿಂತ ಸೊಗಸಾದ ಸಬೂಬು ಸಿಗುವುದು ಕಷ್ಟ. ಆಮೇಲೆ ಪದವಿಗಳ ಹಂಚಿಕೆ ನಡೆಯುತ್ತದೆ: ಸಿಂಹ ಮಂತ್ರಿ, ಹುಲಿ ಹಾಸಿಗೆಯ ಕಾವಲು, ಚಿರತೆಗೆ ತಾಂಬೂಲದ ಅಧಿಕಾರ, ತೋಳ ಬಾಗಿಲು ಕಾಯುವವನು. ತನ್ನ ಕುಲದ ನರಿಗಳಿಗೆ ಮಾತ್ರ ಮೂಲದ ಮಾತಿನಲ್ಲಿಯೇ ಹೇಳುವುದಾದರೆ 'ಅರ್ಧಚಂದ್ರ' ಪ್ರಯೋಗ, ಅಂದರೆ ಕತ್ತು ಹಿಡಿದು ಹೊರಗೆ ನೂಕಿಸಿದ್ದು. ಕನ್ನಡದಲ್ಲಿಯೂ ಬಳಕೆಯಲ್ಲಿರುವ ಈ ನುಡಿಗಟ್ಟನ್ನು ಗುರುತು ಹಾಕಿಟ್ಟುಕೊಳ್ಳಿ, ಮುಂದೆ ಚಿತ್ರಕ್ಕೆ ಬೇಕಾಗುತ್ತದೆ.

ಹಕ್ಕಿನ ವಿಷಯವನ್ನೂ ಇದೇ ಹಂತದಲ್ಲಿ ತಿಳಿದುಕೊಂಡಿರಬೇಕು. ಪ್ರಾಚೀನ ಕಥೆ ಯಾರ ಸೊತ್ತೂ ಅಲ್ಲ. ಆದರೆ ಇತ್ತೀಚಿನ ಅನುವಾದದ ವಾಕ್ಯಗಳಿಗೆ, ಯಾರೋ ಬರೆದ ಚಿತ್ರಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ, ಅದು ನಮ್ಮ ದೇಶದಲ್ಲಿ ಕರ್ತೃವಿನ ಮರಣಾನಂತರ 60 ವರ್ಷಗಳವರೆಗೆ ನಡೆಯುತ್ತದೆ. ಓದಿ ಮುಗಿಸಿ, ಪುಸ್ತಕ ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ಬರೆಯಿರಿ.

ಕಥೆಯ ನಡು ಎಲ್ಲಿದೆ ಎಂದು ತೀರ್ಮಾನಿಸಿ

ಚಿತ್ರ ಬರೆಯುವ ಮೊದಲೇ ಇದು ನಿಶ್ಚಯವಾಗಬೇಕು, ಏಕೆಂದರೆ ಯಾವ ಚಿತ್ರ ದೊಡ್ಡದು, ಯಾವುದು ಚಿಕ್ಕದು ಎಂಬುದೆಲ್ಲ ಇದನ್ನೇ ಅವಲಂಬಿಸಿದೆ. ಕೆಲವು ಮಕ್ಕಳ ಪುಸ್ತಕಗಳಲ್ಲಿ ಮಳೆ ಬಂದು ನರಿಯ ಬಣ್ಣ ತೊಳೆದುಹೋಗಿ ಗುಟ್ಟು ರಟ್ಟಾಗುತ್ತದೆ. ಇದು ಅನುಕೂಲದ ತಿರುವೇ ಹೊರತು ಕಥೆಯ ತಿರುವಲ್ಲ, ನೀಲಿಯ ಸ್ವಭಾವಕ್ಕೂ ಒಗ್ಗುವುದಿಲ್ಲ. ನೀಲಿ ಒಮ್ಮೆ ಹಿಡಿದರೆ ಬಿಡುವುದಿಲ್ಲವೆಂದು ಪಂಚತಂತ್ರದ ಇದೇ ಕಥೆಯಲ್ಲಿ ಬರುವ ಶ್ಲೋಕವೊಂದು ಹೇಳುತ್ತದೆ. ವಜ್ರಲೇಪವೆಂಬ ಗಟ್ಟಿ ಅಂಟು, ಮೂರ್ಖ, ಏಡಿ, ಮೀನು, ಕುಡುಕ ಇವರ ಸಾಲಿನಲ್ಲಿ ಅದು ನೀಲಿಯನ್ನೂ ಸೇರಿಸಿದೆ. ಬಣ್ಣ ಹೋಗುವುದಿಲ್ಲ ಎಂಬುದರಲ್ಲಿಯೇ ಕಥೆಯ ಬಿಗಿ ಇದೆ. ನರಿ ಬಯಸಿದ್ದರೆ ಸಾಯುವವರೆಗೂ ನೀಲಿಯಾಗಿಯೇ, ರಾಜನಾಗಿಯೇ ಇರಬಹುದಿತ್ತು.

ಅದು ಸಿಕ್ಕಿಬೀಳುವುದು ದೂರದಲ್ಲಿ ನರಿಗಳ ಹಿಂಡು ಊಳಿಟ್ಟಾಗ. ಹಿತೋಪದೇಶದಲ್ಲಿ ಇದು ಒಂದು ಮುದಿ ನರಿಯ ಹೂಟ: ಸಂಜೆ ಎಲ್ಲರೂ ಒಟ್ಟಿಗೆ ಕೂಗೋಣ, ಜಾತಿಗುಣ ಅದನ್ನು ಸುಮ್ಮನಿರಗೊಡುವುದಿಲ್ಲ ಎಂದು ಅದು ಉಳಿದ ನರಿಗಳಿಗೆ ಹೇಳಿಕೊಡುತ್ತದೆ. ಪಂಚತಂತ್ರದಲ್ಲಿ ಹೂಟವೇನೂ ಇಲ್ಲ. ಸಭೆಯಲ್ಲಿ ಕುಳಿತ ಕಕುದ್ದ್ರುಮನ ಕಿವಿಗೆ ದೂರದ ಕೂಗು ಬೀಳುತ್ತದೆ. ಮೈ ಪುಲಕಗೊಳ್ಳುತ್ತದೆ, ಕಣ್ಣಿನಲ್ಲಿ ಆನಂದದ ನೀರು ತುಂಬುತ್ತದೆ, ಎದ್ದು ನಿಂತು ಏರುದನಿಯಲ್ಲಿ ಊಳಿಡುತ್ತದೆ. ಆನಂದ ಎಂಬ ಮಾತು ಮೂಲದಲ್ಲಿಯೇ ಇದೆ. ಮಂತ್ರಿ, ಕಾವಲು, ತಾಂಬೂಲ ಎಲ್ಲ ಇದ್ದ ಆ ರಾಜನಿಗೆ ಕಥೆಯುದ್ದಕ್ಕೂ ಸಂತೋಷವಾಯಿತೆಂದು ಕಥೆಗಾರ ಹೇಳುವುದು ಇದೊಂದೇ ಗಳಿಗೆಯಲ್ಲಿ, ಮತ್ತು ಆ ಗಳಿಗೆಯೇ ಅದರ ಕೊನೆಯ ಗಳಿಗೆ. ನನ್ನ ಮಟ್ಟಿಗೆ ಕಥೆಯ ನಡು ಇಲ್ಲಿದೆ. ಹಾಗೆಂದು ಒಪ್ಪಿದರೆ ಊಳಿಡುವ ಚಿತ್ರದಲ್ಲಿ ಗಾಬರಿ, ಸಿಕ್ಕಿಬಿದ್ದ ಕಳ್ಳನ ಮುಖ, ಹಣೆಯ ಮೇಲಿನ ಬೆವರು ಇವು ಯಾವುವೂ ಬರಕೂಡದು. ಪುಸ್ತಕದಲ್ಲಿಯೇ ಅತ್ಯಂತ ಸುಖವಾಗಿರುವ ಮುಖ ಅದಾಗಿರಬೇಕು.

ಪುಟ ಹಂಚಿಕೆ ಮತ್ತು ಡಮ್ಮಿ

ಪಿನ್ ಹೊಡೆದು ಕಟ್ಟುವ ಪುಸ್ತಕದ ಪುಟಗಳ ಸಂಖ್ಯೆ ನಾಲ್ಕರ ಗುಣಕವಾಗಿರಲೇಬೇಕು, ಒಂದು ಹಾಳೆಯನ್ನು ಮಡಿಸಿದರೆ ನಾಲ್ಕು ಪುಟ ಆಗುತ್ತದೆ. ಈ ಕಥೆಗೆ ರಕ್ಷಾಪುಟ ಬಿಟ್ಟು 24 ಪುಟ ಸಾಕು. 32ಕ್ಕೆ ಹಿಗ್ಗಿಸಿದರೆ ನಡುವೆ ಸುಮ್ಮನೆ ಓಡಾಡುವ ಪುಟಗಳು ಸೇರಿಕೊಳ್ಳುತ್ತವೆ. ಆರು ಎ4 ಹಾಳೆಗಳನ್ನು ಒಟ್ಟಿಗೆ ಅರ್ಧಕ್ಕೆ ಮಡಿಸಿ, ನಡುಮಡಿಕೆಯಲ್ಲಿ ಎರಡು ಪಿನ್ ಹೊಡೆದರೆ ನಿಮ್ಮ ಕೈಯಲ್ಲಿ 24 ಪುಟದ ಡಮ್ಮಿ, ಅಂದರೆ ಪುಸ್ತಕದ ಕರಡು ಮಾದರಿ ಸಿದ್ಧ. ಕಂಪ್ಯೂಟರಿನ ಪರದೆಯ ಮೇಲೆ ಪುಟ ಹಂಚಿಕೆ ಮಾಡುವವರು ಪುಟ ತಿರುಗಿಸುವುದೆಂಬ ಒಂದು ಕ್ರಿಯೆ ಇದೆ ಎಂಬುದನ್ನೇ ಮರೆಯುತ್ತಾರೆ. ಚಿತ್ರಪುಸ್ತಕದಲ್ಲಿ ಕಥೆ ನಡೆಯುವುದು ಆ ತಿರುಗಿಸುವಿಕೆಯಲ್ಲಿಯೇ.

ಒಂದನೆಯ ಪುಟ ಶೀರ್ಷಿಕೆಗೆ, 24ನೆಯದು ಕೊನೆಯ ಒಂಟಿ ಚಿತ್ರಕ್ಕೆ ಹೋದರೆ ನಡುವೆ ಹನ್ನೊಂದು ಜೋಡಿಪುಟಗಳು ಉಳಿಯುತ್ತವೆ. ಮೊದಲ ಎರಡರಲ್ಲಿ ಊರಂಚಿನ ಹಸಿವು ಮತ್ತು ನಾಯಿಗಳ ಬೆನ್ನಟ್ಟುವಿಕೆ ಮುಗಿಯಲಿ, ಇಲ್ಲಿ ನಿಧಾನ ಬೇಡ. ಮೂರನೆಯದು ಬಾನಿ, ನಾಲ್ಕನೆಯದು ಬಣ್ಣ ತಿರುಗುವ ರಾತ್ರಿ. ಐದನೆಯದರಲ್ಲಿ ಇಡೀ ಕಾಡು ಓಡುತ್ತದೆ. ಇದನ್ನು ತುಸು ವಿಸ್ತಾರವಾಗಿಯೇ ತೋರಿಸಬೇಕು, ಏಕೆಂದರೆ ನರಿ ರಾಜನಾಗಬೇಕೆಂದು ಹೊಂಚಿ ಬಂದದ್ದಲ್ಲ. ಎದುರಿನವರು ಹೆದರಿದ್ದನ್ನು ಕಂಡ ಮೇಲೆ ಅದಕ್ಕೆ ಆ ಯೋಚನೆ ಹೊಳೆದದ್ದು. ಸಿಂಹದ ಬಾಲ ಮಡಿಕೆಯಲ್ಲಿ ಮಾಯವಾಗುತ್ತಿರುವಾಗ ನರಿ ಹಿಂತಿರುಗಿ ತನ್ನ ಬೆನ್ನ ಹಿಂದೆ ಯಾರು ಬಂದರೆಂದು ನೋಡುತ್ತಿರಲಿ. ತನ್ನನ್ನು ಕಂಡೇ ಹೆದರಿದರೆಂದು ಅದಕ್ಕಿನ್ನೂ ಗೊತ್ತಿಲ್ಲ, ಮಗುವಿಗೆ ಗೊತ್ತು.

ಆರರಲ್ಲಿ ಬ್ರಹ್ಮನ ಹೆಸರಿನ ಘೋಷಣೆ, ಏಳರಲ್ಲಿ ಪದವಿಗಳ ಹಂಚಿಕೆ. ಎಂಟನೆಯದರಲ್ಲಿ ನರಿಗಳನ್ನು ಹೊರಗೆ ಹಾಕುವುದು. ಆ ರಾತ್ರಿಯ ಆಕಾಶದಲ್ಲಿ ಅರ್ಧ ಚಂದ್ರನನ್ನು ಬರೆಯಿರಿ, ಯಾಕೆಂದು ಎಲ್ಲಿಯೂ ಹೇಳಬೇಡಿ. ಓದಿ ಹೇಳುವ ಅಜ್ಜನಿಗೋ ಮೇಷ್ಟರಿಗೋ ಅದು ಕಣ್ಣಿಗೆ ಬಿದ್ದು ನಗು ಬಂದರೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಒಂಬತ್ತನೆಯ ಜೋಡಿಪುಟದಲ್ಲಿ ಒಂದೂ ಅಕ್ಷರ ಬೇಡ: ತುಂಬಿದ ಸಭೆ, ಎಲ್ಲರ ಮುಖವೂ ರಾಜನ ಕಡೆಗೆ, ರಾಜನ ಒಂದು ಕಿವಿ ಮಾತ್ರ ಬೇರೆ ದಿಕ್ಕಿಗೆ ತಿರುಗಿದೆ, ಪುಟದ ಬಲ ಅಂಚಿನ ಬೆಟ್ಟದ ಮೇಲೆ ಉಗುರಿನಷ್ಟು ಚಿಕ್ಕದಾಗಿ ಮೂರು ನರಿಗಳು. ಪುಟ ತಿರುಗಿಸಿದರೆ ಹತ್ತನೆಯ ಜೋಡಿಪುಟದ ತುಂಬ ಕೂಗು. ಹನ್ನೊಂದರಲ್ಲಿ ಸಿಂಹ, ಹುಲಿ, ಚಿರತೆ, ತೋಳಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿವೆ.

ಕೊನೆಯನ್ನು ಏನು ಮಾಡಬೇಕೆಂಬುದು ಎಲ್ಲರನ್ನೂ ಕಾಡುವ ಪ್ರಶ್ನೆ. ಮೂಲದಲ್ಲಿ ನರಿ ಓಡಲು ನೋಡುತ್ತದೆ, ಹುಲಿಯ ಕೈಗೆ ಸಿಕ್ಕಿ ಸಾಯುತ್ತದೆ. ನರಿ ತಪ್ಪೊಪ್ಪಿಕೊಂಡಿತು, ಎಲ್ಲರೂ ಕ್ಷಮಿಸಿ ಸುಖವಾಗಿದ್ದರು ಎಂದು ತಿದ್ದುವುದು ನನಗೆ ಒಪ್ಪಿಗೆಯಲ್ಲ. ಹಾಗೆಯೇ ರಕ್ತ ತೋರಿಸುವುದೂ ಬೇಡ. 24ನೆಯ ಪುಟದಲ್ಲಿ ಬರಿದಾದ ಬಂಡೆ, ಅದರ ಬಿರುಕಿನಲ್ಲಿ ಸಿಕ್ಕಿಕೊಂಡ ನಾಲ್ಕು ನೀಲಿ ಕೂದಲು ಇದ್ದರೆ ಸಾಕು. ಏನಾಯಿತೆಂದು ದೊಡ್ಡ ಮಗುವಿಗೆ ಅರ್ಥವಾಗುತ್ತದೆ, ಚಿಕ್ಕ ಮಗು ನರಿ ಓಡಿಹೋಯಿತೆಂದುಕೊಳ್ಳುತ್ತದೆ. ಎರಡಕ್ಕೂ ಎಡೆಯಿರಲಿ.

ಚಿಕ್ಕ ಕೆತ್ತನೆಯಲ್ಲಿಯೇ ಕಥೆ ಹೇಳಿದವರು ನಮ್ಮಲ್ಲಿ ಹಿಂದೆಯೇ ಇದ್ದರು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ತ್ರಿಪುರಾಂತಕ ದೇವಾಲಯದಲ್ಲಿ ಪಂಚತಂತ್ರದ ಕಥೆಗಳ ಕೆತ್ತನೆಗಳಿವೆ. ಶಿಲ್ಪಿಗೆ ಸಿಕ್ಕಿದ್ದು ಗೇಣುದ್ದದ ಕಲ್ಲು, ಅಕ್ಷರದ ನೆರವಿಲ್ಲ. ಕಥೆಯನ್ನೆಲ್ಲ ಹೊರಬಲ್ಲ ಒಂದೇ ಗಳಿಗೆಯನ್ನು ಅವನು ಆರಿಸಿಕೊಳ್ಳಲೇಬೇಕಿತ್ತು. ಡಮ್ಮಿಯ ಪ್ರತಿ ಜೋಡಿಪುಟಕ್ಕೂ ಇದೇ ಕಟ್ಟಳೆಯನ್ನು ಹಾಕಿಕೊಂಡರೆ ಬೇಡದ ಚಿತ್ರಗಳು ತಾವಾಗಿ ಉದುರುತ್ತವೆ.

ಪೆನ್ಸಿಲ್ ಚಿತ್ರಗಳ ಡಮ್ಮಿ ಮುಗಿದ ಕೂಡಲೇ, ಬಣ್ಣ ಹಚ್ಚುವ ಮೊದಲು, ಅದನ್ನು ಇಬ್ಬರು ಮೂವರು ಮಕ್ಕಳಿಗೆ ಓದಿ ಹೇಳಿ. ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ಓದುವುದು ಮೇಲು, ಗುಂಪಿನಲ್ಲಿ ಒಬ್ಬ ನಕ್ಕರೆ ಎಲ್ಲರೂ ನಗುತ್ತಾರೆ. ನನ್ನ ಮೊದಲ ಡಮ್ಮಿಯನ್ನು ನೋಡಿದ ಏಳು ವರ್ಷದ ಹುಡುಗಿಯೊಬ್ಬಳು ಎಂಟನೆಯ ಜೋಡಿಪುಟದಲ್ಲಿ ಬೆರಳಿಟ್ಟು, "ಇದರಲ್ಲಿ ಅದರ ಅಮ್ಮ ಯಾವುದು?" ಎಂದು ಕೇಳಿದಳು. ನಾನು ಹೊರಗೆ ನೂಕಿಸಿಕೊಂಡ ನರಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಬರೆದಿದ್ದೆ. ಅಂದು ಮನೆಗೆ ಬಂದು ಆ ಪುಟವನ್ನು ಮತ್ತೆ ಬರೆದೆ. ಒಂದಕ್ಕೆ ಹರಿದ ಕಿವಿ, ಒಂದಕ್ಕೆ ಕುಂಟು, ಒಂದು ಮರಿ, ಒಂದು ಮುದಿ. ಹರಿದ ಕಿವಿಯ ನರಿಯೇ ಆಮೇಲೆ ಬೆಟ್ಟದ ಮೇಲೆ ಮೊದಲು ಬಾಯಿ ತೆರೆಯಿತು.

ಪ್ರಾಣಿಗಳನ್ನು ಬರೆಯುವಾಗ

ನಮ್ಮ ಪುಸ್ತಕಗಳಲ್ಲಿ ನರಿಯೆಂದು ಕಾಣಿಸಿಕೊಳ್ಳುವುದು ಎಷ್ಟೋ ಸಲ ಯೂರೋಪಿನ ಕೆಂಪು ನರಿ: ಕಿತ್ತಳೆ ಮೈ, ಬಿಳಿ ತುದಿಯ ದಪ್ಪ ಬಾಲ. ಈ ಕಥೆಯ ಸೃಗಾಲ ಅದಲ್ಲ. ನಮ್ಮ ಹೊಲ, ಕಬ್ಬಿನ ಗದ್ದೆ, ಕುರುಚಲು ಕಾಡುಗಳ ನರಿ ಬೀದಿನಾಯಿಗೆ ಹತ್ತಿರದ ಗಾತ್ರದ್ದು, ಕಾಲು ತೆಳ್ಳಗೆ, ಮೈ ಒಣಹುಲ್ಲಿನ ಬಣ್ಣ, ಬೆನ್ನಿನ ಮೇಲೆ ಕಪ್ಪು ಬೆರೆತ ಕೂದಲು, ಬಾಲ ಅಷ್ಟೇನೂ ಉದ್ದವಿಲ್ಲದೆ ಕಪ್ಪು ತುದಿಯಲ್ಲಿ ಮುಗಿಯುತ್ತದೆ. ಗುಂಪಾಗಿ ಊಳಿಡುವುದು ಅದರದೇ ಅಭ್ಯಾಸ. ಕಥೆ ನಿಂತಿರುವುದೇ ಆ ಅಭ್ಯಾಸದ ಮೇಲೆ. ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟವೆನ್ನುವ ನಾಡಿನಲ್ಲಿ ನರಿಯ ಮುಖವನ್ನೇ ತಪ್ಪಾಗಿ ಬರೆಯುವುದು ಸರಿಯಲ್ಲ. ಮೃಗಾಲಯದಲ್ಲಿ ಒಂದು ಬೆಳಿಗ್ಗೆ ಕುಳಿತು ನಡಿಗೆ, ಕೂರುವ ಬಗೆ, ಊಳಿಡುವಾಗ ಕತ್ತು ಹಿಂದಕ್ಕೆ ಬಾಗುವ ಬಗೆ ಇವನ್ನು ಗೀಚಿಕೊಂಡು ಬಂದರೆ ಮುಂದಿನ ಕೆಲಸ ಹಗುರ.

ನೀಲಿಯಾದ ಮೇಲೆ ನರಿಯನ್ನು ದೊಡ್ಡದಾಗಿ ಬರೆಯುವ ಆಸೆ ಹುಟ್ಟುತ್ತದೆ. ಬರೆಯಬೇಡಿ. ಅದರ ಗಾತ್ರ ಮೊದಲ ಪುಟದಲ್ಲಿ ಎಷ್ಟಿತ್ತೋ ಸಿಂಹದ ಪಕ್ಕದಲ್ಲಿಯೂ ಅಷ್ಟೇ ಇರಲಿ; ಎತ್ತರವಾಗಬೇಕಾದದ್ದು ಅದು ಕುಳಿತ ಬಂಡೆ. ಏಳನೆಯ ಜೋಡಿಪುಟದಲ್ಲಿ ಹುಲಿಯೊಂದು ಹಾಸಿಗೆ ಕೊಡವುತ್ತಿರುವುದು, ಚಿರತೆ ವೀಳ್ಯದ ತಟ್ಟೆ ಹಿಡಿದು ನಿಂತಿರುವುದು, ಇವುಗಳಲ್ಲಿಯೇ ಬೇಕಾದಷ್ಟು ನಗುವಿದೆ. ಪ್ರಾಣಿಗಳಿಗೆ ಬಟ್ಟೆ, ಪೇಟ, ಕಿರೀಟ ತೊಡಿಸಿದರೆ ಆ ನಗು ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ. ಕಿರೀಟ ಬಂದ ಕೂಡಲೇ ಮೈಬಣ್ಣಕ್ಕೆ ಕೆಲಸ ಉಳಿಯುವುದಿಲ್ಲ. ಸಿಂಹ ಮತ್ತು ಹುಲಿ ಒಂದೇ ಕಾಡಿನಲ್ಲಿ ಹೇಗೆ ಎಂದು ಯಾರಾದರೂ ಕೇಳಿಯಾರು. ಇಂದು ಭಾರತದ ಕಾಡುಸಿಂಹಗಳಿರುವುದು ಗುಜರಾತಿನ ಗಿರ್ ಸೀಮೆಯಲ್ಲಿ ಮಾತ್ರ, ಆದರೆ ಈ ಕಥೆ ಹುಟ್ಟಿದ ಕಾಲದಲ್ಲಿ ಉತ್ತರ ಭಾರತದಲ್ಲಿ ಎರಡೂ ಇದ್ದವು, ಹಾಗಾಗಿ ಸಂಕೋಚ ಬೇಕಿಲ್ಲ. ಗಿಡಮರಗಳನ್ನು ಮಾತ್ರ ಒಂದು ಸೀಮೆಗೆ ಸೇರಿದಂತೆ ಬರೆಯಿರಿ. ಮುತ್ತುಗ, ಜಾಲಿ, ಎಲಚಿಗಳ ಪಕ್ಕದಲ್ಲಿ ಪೈನ್ ಮರ ಬೇಡ.

ನೀಲಿಯನ್ನು ನೀಲಿಯಾಗಿಸುವುದು

ಬಾನಿಯೊಳಗಿನ ನೀಲಿಯನ್ನು ನೋಡಿದವರಿಗೆ ಒಂದು ವಿಚಿತ್ರ ಗೊತ್ತಿರುತ್ತದೆ. ನೀಲಿ ಗಿಡದ ಬಣ್ಣ ನೀರಿನಲ್ಲಿ ಹಾಗೆಯೇ ಕರಗುವುದಿಲ್ಲ. ಹುಳಿಯಿಸಿ ಕ್ಷಾರ ಬೆರೆಸಿ ಆಮ್ಲಜನಕ ಇಲ್ಲದಂತೆ ಮಾಡಿದಾಗ ಕರಗುತ್ತದೆ, ಆಗ ಬಾನಿಯ ದ್ರವ ಹಳದಿ ಹಸಿರಾಗಿರುತ್ತದೆ, ಮೇಲೆ ಮಾತ್ರ ತಾಮ್ರದ ಹೊಳಪಿನ ನೀಲಿ ನೊರೆ ತೇಲುತ್ತಿರುತ್ತದೆ. ಅದರಲ್ಲಿ ಅದ್ದಿ ತೆಗೆದ ಬಟ್ಟೆ ಹಸಿರಾಗಿ ಹೊರಬಂದು, ಗಾಳಿ ತಾಗಿದಂತೆ ನಿಮಿಷಗಳಲ್ಲಿ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ನಮ್ಮ ನರಿಯೂ ಹಾಗೆಯೇ ಬಾನಿಯಿಂದ ಹಸಿರಾಗಿ ಎದ್ದು, ಕಾಡಿನ ದಾರಿಯಲ್ಲಿ ಓಡುತ್ತ ಓಡುತ್ತ ನೀಲಿಯಾಗಿರಬೇಕು. ನಾಲ್ಕನೆಯ ಜೋಡಿಪುಟವನ್ನು ಇದಕ್ಕೆಂದೇ ಇಟ್ಟದ್ದು: ಎಡದಂಚಿನಿಂದ ಬಲದಂಚಿಗೆ ಒಂದೇ ನರಿಯನ್ನು ಐದು ಸಲ ಬರೆಯಿರಿ, ಮೊದಲನೆಯದು ಹಸಿರು, ಕೊನೆಯದು ಕಡುನೀಲಿ. ಅಕ್ಷರವೇ ಬೇಡದ ಮತ್ತೊಂದು ಪುಟ ಹೀಗೆ ಸಿಗುತ್ತದೆ. ಕೂದಲಿಗೆ ಈ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಉಣ್ಣೆಯ ಕಂಬಳಿಗೆ ನೀಲಿ ಹಾಕುತ್ತಿದ್ದವರು ಇದನ್ನು ಬಲ್ಲರು.

ಇಡೀ ಪುಸ್ತಕದಲ್ಲಿ ಆ ನೀಲಿ ನರಿಗೆ ಮಾತ್ರ ಮೀಸಲಾಗಿರಲಿ. ಆಕಾಶ, ನೀರು, ನೆರಳು ಯಾವುದಕ್ಕೂ ಅದನ್ನು ಬಳಸಬೇಡಿ. ಹಗಲಿನ ಆಕಾಶಕ್ಕೆ ತಿಳಿಹಳದಿ, ರಾತ್ರಿಗೆ ಮಾಸಲು ಕಂದು ಅಥವಾ ಬೂದು ಸಾಕಾಗುತ್ತದೆ. ಆಗ ಮಗು ಪುಟ ತೆರೆದ ಕೂಡಲೇ ಕಣ್ಣು ಹೋಗುವುದು ಒಂದೇ ಕಡೆಗೆ, ಕಾಡಿನ ಪ್ರಾಣಿಗಳಿಗೂ ಆದದ್ದು ಅದೇ.

ಅಚ್ಚಿನಲ್ಲಿ ನೀಲಿ ಕೈಕೊಡುವಷ್ಟು ಬೇರೆ ಬಣ್ಣ ಕೊಡುವುದಿಲ್ಲ. ಪರದೆಯ ಮೇಲೆ ಹೊಳೆಯುವ ನೀಲಿ ಬೆಳಕಿನಿಂದ ಆದದ್ದು, ಕಾಗದದ ಮೇಲೆ ಅದು ಸಯಾನ್ ಮತ್ತು ಮೆಜೆಂಟಾ ಶಾಯಿಗಳ ಬೆರಕೆ. ಎರಡೂ ಸಮಸಮವಾದರೆ ನೇರಳೆಯಾಗುತ್ತದೆ. ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದಾಗ ಐನೂರು ಪ್ರತಿಗಳಲ್ಲಿಯೂ ನೇರಳೆ ನರಿ ಕುಳಿತಿತ್ತು, ಬದನೆಕಾಯಿಯ ಬಣ್ಣದ ಆ ರಾಜನನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಚ್ಚಿನ ಮನೆಯವರದು ಅರ್ಧ ತಪ್ಪು, ಮಾದರಿ ಹಾಳೆ ಕೇಳದ ನನ್ನದು ಇನ್ನರ್ಧ. ಸಯಾನ್ 100 ಇದ್ದರೆ ಮೆಜೆಂಟಾ 65 ದಾಟದಂತೆ ನೋಡಿಕೊಳ್ಳಿ, ಆಳ ಬೇಕಾದರೆ ತುಸು ಕಪ್ಪು ಸೇರಿಸಿ. ಚಿತ್ರಗಳನ್ನು ಅಚ್ಚಿನ ಅಳತೆಯಲ್ಲಿಯೇ 300 ಡಿಪಿಐಗೆ (ಅಂಗುಲಕ್ಕೆ 300 ಚುಕ್ಕೆ) ಸ್ಕ್ಯಾನ್ ಮಾಡಿಸಿ, ಅಚ್ಚಿನ ನಾಲ್ಕು ಶಾಯಿಗಳ ಕ್ರಮವಾದ ಸಿಎಂವೈಕೆಗೆ ಬದಲಾಯಿಸಿದ ಮೇಲೆ ಇನ್ನೊಮ್ಮೆ ನೋಡಿ. ಅಂಚಿನವರೆಗೆ ಹರಡುವ ಚಿತ್ರಗಳಿಗೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚುವರಿ ಬಿಡಬೇಕು, ಕಟಿಂಗ್‌ನಲ್ಲಿ ಅಷ್ಟು ಹೋಗುತ್ತದೆ. ಮುಖ್ಯವಾದ ಮುಖ ನಡುಮಡಿಕೆಯಲ್ಲಿ ಬರದಂತೆ ಮೊದಲೇ ಎಚ್ಚರ ವಹಿಸಿ.

ಮಾತು

ಮಾತನ್ನು ಚಿತ್ರದ ಅನಂತರ ಬರೆಯುವುದು ನನಗೆ ಹಿಡಿಸಿದ ಕ್ರಮ. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು, ಮಾತು ಹೇಳುವುದನ್ನು ಚಿತ್ರ ಅಲ್ಲಗಳೆಯುತ್ತಿದ್ದರೆ ಇನ್ನೂ ಒಳ್ಳೆಯದು. 'ಅಧಿಕಾರದ ದುರಾಸೆಯಿಂದ ಕುರುಡಾದ ನರಿಯು ತನ್ನ ಬಂಧುಗಳನ್ನೇ ಹೊರಗೆ ಹಾಕಿತು' ಎಂದು ಬರೆದರೆ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ:

ಸಿಂಹಕ್ಕೆ ಮಂತ್ರಿಯ ಪದವಿ.
ಹುಲಿಗೆ ಹಾಸಿಗೆಯ ಕೆಲಸ.
ಚಿರತೆಗೆ ವೀಳ್ಯದ ತಟ್ಟೆ.
ತೋಳಕ್ಕೆ ಬಾಗಿಲು.
ನರಿಗಳಿಗೆ?

ಇಲ್ಲಿ ಪುಟ ತಿರುಗಬೇಕು.

ಕನ್ನಡ ನಮಗೆ ಕೊಟ್ಟಿರುವ ಇನ್ನೊಂದು ಸೌಲಭ್ಯ ಕ್ರಿಯಾಪದದ ಕೊನೆ. ಪ್ರಾಣಿಗೆ ನಾವು 'ಬಿತ್ತು', 'ಓಡಿತು', 'ನೋಡಿತು' ಎನ್ನುತ್ತೇವೆ, ರಾಜರಿಗೆ 'ಕುಳಿತರು', 'ಅಪ್ಪಣೆ ಕೊಡಿಸಿದರು' ಎನ್ನುತ್ತೇವೆ. ಐದನೆಯ ಜೋಡಿಪುಟದವರೆಗೆ ನರಿ 'ಓಡಿತು' ಎಂದಿರಲಿ. ಘೋಷಣೆಯಾದ ಮರುಪುಟದಿಂದ ಮಾತು ಸದ್ದಿಲ್ಲದೆ ಬದಲಾಗಲಿ: ಮಹಾರಾಜರು ಬಂಡೆಯೇರಿದರು, ಮಹಾರಾಜರು ವೀಳ್ಯ ಮೆದ್ದರು, ಮಹಾರಾಜರು ನರಿಗಳ ಕಡೆಗೆ ತಿರುಗಿಯೂ ನೋಡಲಿಲ್ಲ. ಬಹುವಚನ ಏರುತ್ತ ಹೋಗಲಿ. ಹತ್ತನೆಯ ಜೋಡಿಪುಟದಲ್ಲಿ ಮಾತ್ರ ಒಂದೇ ಶಬ್ದ: 'ಕೂಗಿತು.' ಗಟ್ಟಿಯಾಗಿ ಓದುವವರ ನಾಲಿಗೆಗೆ ಈ ಇಳಿತ ತಾನಾಗಿ ಸಿಗುತ್ತದೆ, ವ್ಯಾಕರಣ ಕಲಿಯದ ಮಗುವಿನ ಕಿವಿಗೂ ಸಿಗುತ್ತದೆ. ಬೇರೆ ಭಾಷೆಯಿಂದ ತಂದ ಪಠ್ಯದಲ್ಲಿ ಈ ಆಟ ಸಿಗಲಾರದು, ಹಾಗಾಗಿ ಅನುವಾದಕ್ಕೆ ಹೋಗದೆ ನೇರವಾಗಿ ಕನ್ನಡದಲ್ಲಿಯೇ ಯೋಚಿಸಿ ಬರೆಯಿರಿ.

ಕಥೆಯ ಕೊನೆಗೆ ನೀತಿ ಬರೆಯಬೇಕೇ ಎಂದು ಶಾಲೆಗಳಿಂದ ಕೇಳುವವರಿರುತ್ತಾರೆ. ಪಂಚತಂತ್ರದಲ್ಲಿಯೇ ಈ ಕಥೆಗೆ ಹೇಳಿರುವ ನೀತಿ ನಾವು ಎಣಿಸುವಂಥದ್ದಲ್ಲ: ಒಳಗಿನವರನ್ನು ಬಿಟ್ಟು ಹೊರಗಿನವರನ್ನು ಒಳಗೆ ಮಾಡಿಕೊಂಡವನು ಕಕುದ್ದ್ರುಮ ರಾಜನಂತೆ ಸಾಯುತ್ತಾನೆ ಎಂದು ಅಲ್ಲಿನ ಶ್ಲೋಕ ಹೇಳುತ್ತದೆ. ಅದನ್ನು ಹೇಳುವವನಾದರೂ ಯಾರು? ಮಿತ್ರಭೇದದ ಮುಖ್ಯ ಕಥೆಯಲ್ಲಿ ಎತ್ತಿನ ಮೇಲೆ ಸಿಂಹರಾಜನಿಗೆ ದ್ವೇಷ ಹುಟ್ಟಿಸಿ ತಾನು ಮತ್ತೆ ಆಸ್ಥಾನದಲ್ಲಿ ನೆಲೆಯೂರಲು ಹವಣಿಸುತ್ತಿರುವ ದಮನಕನೆಂಬ ಇನ್ನೊಂದು ನರಿ. ಅಧಿಕಾರಕ್ಕಾಗಿ ಬಾಯಿ ಬಿಡುತ್ತಿರುವವನ ಬಾಯಿಂದ ಬಂದ ನೀತಿಯನ್ನು ಪೆಟ್ಟಿಗೆಯೊಳಗೆ ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಶಾಲೆ ಒತ್ತಾಯಿಸಿದರೆ ಹಿಂಬದಿಯ ರಕ್ಷಾಪುಟದ ಒಳಗೆ ಶಿಕ್ಷಕರಿಗೆಂದು ನಾಲ್ಕು ಪ್ರಶ್ನೆ ಬರೆದುಕೊಡಿ.

ಅಕ್ಷರ ಮತ್ತು ಅಚ್ಚು

ಈಗಷ್ಟೇ ಓದಲು ಕಲಿತವರಿಗೆ 20 ಪಾಯಿಂಟ್‌ಗಿಂತ ಚಿಕ್ಕ ಅಕ್ಷರ ಬೇಡ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೂ ಗುಡಿಸು ಮೇಲೂ ಜಾಗ ಕೇಳುವುದರಿಂದ ಸಾಲುಗಳ ನಡುವಿನ ಅಂತರ ಇಂಗ್ಲಿಷ್ ಪುಸ್ತಕಕ್ಕಿಂತ ಹೆಚ್ಚಾಗಿರಬೇಕು. 20 ಪಾಯಿಂಟಿನ ಅಕ್ಷರಕ್ಕೆ 32ರಷ್ಟು ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುವುದಿಲ್ಲ. ಪಠ್ಯವನ್ನು ಯುನಿಕೋಡ್‌ನಲ್ಲಿಯೇ ಟೈಪ್ ಮಾಡಿ, ಯುನಿಕೋಡ್ ಫಾಂಟ್ ಬಳಸಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಿಂದ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುವುದು, ಒತ್ತು ಕಳಚುವುದು ನಡೆಯುತ್ತಲೇ ಇರುತ್ತದೆ. ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟುವವರು ಪ್ಯಾರಾಗ್ರಾಫ್ ಕಂಪೋಸರನ್ನು 'ವರ್ಲ್ಡ್ ರೆಡಿ'ಗೆ ಬದಲಾಯಿಸದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ, 'ನರ್ತನ' ಎಂದು ಟೈಪ್ ಮಾಡಿದ್ದು ಬೇರೇನೋ ಆಗಿರುತ್ತದೆ. ಹತ್ತನೆಯ ಜೋಡಿಪುಟದ 'ಊಊಊ' ಎಂಬುದನ್ನು ಫಾಂಟಿನಲ್ಲಿ ಹಾಕದೆ ಕೈಯಲ್ಲಿಯೇ ಬರೆಯಿರಿ. ಎಡಪುಟದಲ್ಲಿ ನರಿಯ ಬಾಯಿಂದ ಹೊರಟು ದೊಡ್ಡದಾಗುತ್ತ ಬಲಪುಟದ ಬೆಟ್ಟದವರೆಗೆ ಹೋಗಿ ಅಲ್ಲಿನ ನರಿಗಳ ಕೂಗಿನೊಂದಿಗೆ ಸೇರಲಿ.

ಒಳಪುಟಗಳಿಗೆ 130 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ಲೆಕ್ಕದ ತೂಕ) ಮ್ಯಾಟ್ ಆರ್ಟ್ ಪೇಪರ್, ರಕ್ಷಾಪುಟಕ್ಕೆ 250 ಅಥವಾ 300 ಜಿಎಸ್‌ಎಂ ಬೋರ್ಡು ಮಕ್ಕಳ ಕೈಗೆ ತಡೆಯುತ್ತದೆ. ಹೊಳಪಿನ ಕಾಗದದಲ್ಲಿ ನೀಲಿ ಸುಂದರವಾಗಿ ಕಾಣುತ್ತದೆ ನಿಜ, ಆದರೆ ತರಗತಿಯ ಕಿಟಕಿಯ ಪಕ್ಕ ಎತ್ತಿ ಹಿಡಿದು ತೋರಿಸಿದಾಗ ಹಿಂದಿನ ಸಾಲಿನ ಮಕ್ಕಳಿಗೆ ಕಾಣುವುದು ಬರೀ ಬೆಳಕು. ಮಾರಾಟಕ್ಕಿಡುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಪಡೆಯಿರಿ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಐವತ್ತು ನೂರು ಪ್ರತಿ ಸಾಕೆಂದರೆ ಡಿಜಿಟಲ್ ಮುದ್ರಣ ಲೇಸು, ಐನೂರಕ್ಕೆ ಮೇಲೆ ಆಫ್‌ಸೆಟ್ ಕೈಗೆಟುಕುತ್ತದೆ.

ಆಫ್‌ಸೆಟ್ ಆದರೆ ಹತ್ತನೆಯ ಜೋಡಿಪುಟದ ಮಾದರಿ ಹಾಳೆಯನ್ನು ಅದೇ ಕಾಗದದ ಮೇಲೆ ತೆಗೆಸಿ ಕೊಡಲು ಕೇಳಿ. ತುಸು ಹೆಚ್ಚು ಹಣ ಕೇಳಿದರೂ ಕೊಡಿ. ಅಚ್ಚಿನ ಮನೆಯ ಟ್ಯೂಬ್‌ಲೈಟಿನ ಕೆಳಗೆ ಅದನ್ನು ನೋಡಿ ಒಪ್ಪಿಗೆ ಹಾಕಬೇಡಿ. ಹಾಳೆಯನ್ನು ರಸ್ತೆಗೆ ತಂದು ಹಗಲಿನ ಬೆಳಕಿನಲ್ಲಿ ಹಿಡಿಯಿರಿ, ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ. ನರಿ ನೀಲಿಯಾಗಿದೆಯೇ, ನೇರಳೆಯೇ? ಬೆಟ್ಟದ ಮೇಲಿನ ಹರಿದ ಕಿವಿ ಕಾಣುತ್ತಿದೆಯೇ? ಕಾಣುತ್ತಿದ್ದರೆ ಒಳಗೆ ಹೋಗಿ ಹಾಳೆಯ ಮೂಲೆಯಲ್ಲಿ ದಿನಾಂಕ ಹಾಕಿ ಸಹಿ ಮಾಡಿ, ಒಂದು ಪ್ರತಿಯನ್ನು ನೀವೂ ಇಟ್ಟುಕೊಳ್ಳಿ.